ಕನ್ನಡಿಯಲ್ಲಿ ಇಲ್ಲದ ಹೆಸರು

ಮದುವೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ, ವಧುವಿನ ತಾಯಿಯಾದವಳು ಮಾಡಬೇಕಾದ ನೂರು ಕೆಲಸ ಬಿಟ್ಟು, ಹೇಮಾಕ್ಷಿ ಖಾಲಿ ಕುರ್ಚಿಗಳ ಸಾಲಿನಲ್ಲಿ ಅಣ್ಣನ ಹೆಸರು ಹುಡುಕುತ್ತಿದ್ದಳು.

ತೊಕ್ಕೊಟ್ಟಿನಿಂದ ಆಚೆ, ಸಮುದ್ರದ ಬದಿಯ ತೆಂಗಿನ ತೋಟ ಅದು. ಈಗ ತೆಂಗಿನಕಾಯಿಗಿಂತ ಮದುವೆಗಳೇ ಅಲ್ಲಿ ಹೆಚ್ಚು ಬೆಳೆಯುತ್ತವೆ. ಒಟ್ಟು ನೂರ ಅರುವತ್ತು ಬಿಳಿ ಕುರ್ಚಿ. ಪ್ರತಿ ಕುರ್ಚಿಯ ಬೆನ್ನಿಗೆ ಪೀಚ್ ಬಣ್ಣದ ರಿಬ್ಬನ್ನು, ರಿಬ್ಬನ್ನಿಗೆ ಒಂದು ದಪ್ಪ ಕಾರ್ಡು, ಕಾರ್ಡಿನಲ್ಲಿ ಕೂರುವವರ ಹೆಸರು. ಮದುವೆ ಹಾಲಿನಲ್ಲಿ ಮೊದಲು ಸಿಕ್ಕಿದ ಕುರ್ಚಿಗೆ ಕರ್ಚೀಫು ಹಾಕಿ ಜಾಗ ಹಿಡಿಯುವುದನ್ನೇ ಕಂಡು ಬೆಳೆದ ಹೇಮಾಕ್ಷಿಗೆ ಇದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೋಣೆ ಅನ್ನಿಸಿತು. ಆದರೆ ನಗು ಬರಲಿಲ್ಲ. ಮದುಮಗಳ ಹತ್ತಿರದವರಿಗೆಂದು ಇಟ್ಟ ಮೊದಲ ಸಾಲನ್ನು ಅವಳು ಮೂರನೇ ಸಲ ಓದಿ ಮುಗಿಸಿದ್ದಳು. ಐತಪ್ಪ ಎಂಬ ಹೆಸರು ಎಲ್ಲಿಯೂ ಇರಲಿಲ್ಲ.

ಅಲಂಕಾರವೆಲ್ಲ ನಜ್ಲಾಳ ಕಂಪೆನಿಯದ್ದು. ನಜ್ಲಾ ಕುದ್ರೋಳಿಯ ಹುಡುಗಿ. ಕೊರೋನಾ ಕಾಲದಲ್ಲಿ ಮನೆಯಲ್ಲೇ ಕೂತು ಬಲೂನು ಕಟ್ಟಲು ಶುರು ಮಾಡಿದವಳು, ಈಗ ಕೈಕೆಳಗೆ ಇಪ್ಪತ್ತು ಜನರನ್ನು ಇಟ್ಟುಕೊಂಡಿದ್ದಾಳೆ. ಕಿವಿಗೆ ವಯರು, ಕೈಯಲ್ಲಿ ಟ್ಯಾಬು, ಕಾಲಿಗೆ ಬಿಡುವಿಲ್ಲ. ಹೇಮಾಕ್ಷಿ ಅವಳನ್ನು ತಡೆದು ನಿಲ್ಲಿಸಿದಳು.

"ನಜ್ಲಾ, ನನ್ನ ಅಣ್ಣನ ಕುರ್ಚಿ ಎಲ್ಲಿ ಮಗಾ? ಐತಪ್ಪ ಅಂತ. ಮಂಜೇಶ್ವರದವರು."

ನಜ್ಲಾ ಟ್ಯಾಬಿನ ಮೇಲೆ ಬೆರಳು ಓಡಿಸಿದಳು. "ಐತಪ್ಪ... ಇಲ್ಲ ಆಂಟಿ. ಅವರದ್ದು ಕನ್ಫರ್ಮೇಶನ್ ಬರ್ಲಿಲ್ಲ. ಇನ್ವಿಟೇಶನ್ನಿನಲ್ಲಿ 'ಬರ್ತೇನೆ' ಅಂತ ಒಂದು ಬಟನ್ ಉಂಟಲ್ಲ, ಅದನ್ನು ಒತ್ತಿದವರ ಹೆಸರು ಮಾತ್ರ ಲಿಸ್ಟಿಗೆ ಬರುದು."

"ಅವ ಮದುಮಗಳ ಸೋದರಮಾವ. ಅವ ಬಟನ್ ಒತ್ತಬೇಕಾ?"

"ಎಲ್ಲರಿಗೂ ಹಾಗೇ ಆಂಟಿ. ಇಂಟಿಮೇಟ್ ವೆಡ್ಡಿಂಗ್ ಅಲ್ವಾ, ಲೆಕ್ಕದ ಜನ, ಲೆಕ್ಕದ ಕುರ್ಚಿ."

 ಲೆಕ್ಕದ ಜನ ಎಂಬ ಮಾತು ಹೇಮಾಕ್ಷಿಗೆ ಹೊಸತಲ್ಲ. ಒಮ್ಮೆ ಅದು ಸರಕಾರದ ಆಜ್ಞೆಯಾಗಿ ಬಂದಿತ್ತು, ಈಗ ಫ್ಯಾಶನ್ನಾಗಿ ಬಂದಿದೆ.

ಹಿರಿಯ ಮಗಳು ಶಶಿಪ್ರಭಾಳ ಮದುವೆ ನಡೆದದ್ದು ಎರಡು ಸಾವಿರದ ಇಪ್ಪತ್ತರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ. ಐವತ್ತು ಜನರ ಹೆಸರು ಬರೆದು ಕೊಟ್ಟು ಅನುಮತಿ ಪಡೆಯಬೇಕಿದ್ದ ಕಾಲ. ಕುಲಶೇಖರದ ಮನೆಯ ಊಟದ ಮೇಜಿನಲ್ಲಿ ಕೂತು ಗಂಡ ಪೂವಪ್ಪನೇ ಪಟ್ಟಿ ಬರೆದಿದ್ದ. ನಲವತ್ತೊಂಬತ್ತಕ್ಕೆ ಬಂದಾಗ ಪೆನ್ನು ನಿಲ್ಲಿಸಿ ಹೇಳಿದ: "ನಿನ್ನ ಅಣ್ಣನನ್ನು ತಲಪಾಡಿಯಲ್ಲಿ ಹೇಗೂ ಬಿಡುದಿಲ್ಲ. ಕೇರಳದವರಿಗೆ ಗಡಿ ಬಂದ್. ಸುಮ್ಮನೆ ಒಂದು ಹೆಸರು ಹಾಳು ಎಂತಕ್ಕೆ?" ಐವತ್ತನೆಯದಾಗಿ ಅವನು ವರನ ಕಡೆಯ ಕ್ಯಾಮರಾದವನ ಹೆಸರು ಬರೆದ. ಹೇಮಾಕ್ಷಿ ಕೈಯಲ್ಲಿ ಚಾದ ಲೋಟ ಹಿಡಿದುಕೊಂಡು ನಿಂತಿದ್ದಳು. ಬೇಡ ಎನ್ನಲಿಲ್ಲ.

ಅಷ್ಟೇ ಆಗಿದ್ದರೆ ಗಂಡನ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅದೇ ಸಂಜೆ ಅವಳು ಅಣ್ಣನಿಗೆ ಫೋನು ಮಾಡಿ, "ಪಟ್ಟಿ ಕೊಟ್ಟಾಯಿತು ಅಣ್ಣಾ, ಹೇಗಾದರೂ ಬಾ" ಎಂದಿದ್ದಳು. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಐತಪ್ಪ ಅದನ್ನು ನಂಬಿ, ಬಿಳಿ ಪಂಚೆ ಉಟ್ಟು, ಸೊಸೆಗೆಂದು ತೆಗೆದ ಸೀರೆಯನ್ನು ಹರಿವಾಣದಲ್ಲಿಟ್ಟುಕೊಂಡು, ಬೆಳಿಗ್ಗೆ ಒಂಬತ್ತಕ್ಕೆಲ್ಲ ತಲಪಾಡಿಯ ಬ್ಯಾರಿಕೇಡಿನ ಎದುರು ನಿಂತ. ಪೊಲೀಸರು ಪಟ್ಟಿ ತರಿಸಿ ನೋಡಿದರು. ಹೆಸರಿಲ್ಲ. ಪಟ್ಟಿಯಲ್ಲಿ ಹೆಸರಿದ್ದ ಇನ್ನೊಂದು ಮದುವೆಯ ಇಬ್ಬರನ್ನು ಅವನ ಎದುರೇ ಒಳಗೆ ಬಿಟ್ಟರಂತೆ. ಅವನು ತಂಗಿಗೆ ಫೋನು ಮಾಡಿದ. ಒಂದಲ್ಲ, ಹನ್ನೊಂದು ಸಲ. ಧಾರೆಯ ಮಂಟಪದ ಪಕ್ಕದಲ್ಲಿ ನಿಂತಿದ್ದ ಹೇಮಾಕ್ಷಿಯ ಕೈಯಲ್ಲೇ ಫೋನು ನಡುಗುತ್ತಿತ್ತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಒತ್ತಿ ಹಿಡಿದಳು. ಶಶಿಪ್ರಭಾಳ ಕೈಹಿಡಿದು ಮಂಟಪಕ್ಕೆ ಕರೆತಂದದ್ದು ವರನ ಕಡೆಯ ಯಾರೋ ಒಬ್ಬ ಮಾವ. ಅವನ ಹೆಸರು ಇವತ್ತಿಗೂ ಯಾರಿಗೂ ನೆನಪಿಲ್ಲ.

ಐತಪ್ಪ ಜಗಳ ಮಾಡಲಿಲ್ಲ. ಬೈದಿದ್ದರೆ ಅವಳು ಅತ್ತು, ಅಲ್ಲಿಗೆ ಮುಗಿಯುತ್ತಿತ್ತು. ಅವನು ಸೀರೆಯ ಹರಿವಾಣ ಹಿಡಿದುಕೊಂಡೇ ಮನೆಗೆ ಹೋದ. ಆಮೇಲೆ ತಂಗಿಯ ಮನೆಗೆ ಕಾಲಿಡಲಿಲ್ಲ. ದೀಪಾವಳಿಗೆ ಫೋನಿನಲ್ಲಿ ಒಂದು ದೀಪದ ಚಿತ್ರ ಬರುತ್ತಿತ್ತು, ಅಷ್ಟೇ.

ಈಗ ಕಿರಿಯವಳು ಅಶ್ಮಿತಾಳ ಮದುವೆ. ಸೋದರಮಾವನನ್ನು ಕರೆಯುವುದೆಂದರೆ ಮನೆಗೆ ಹೋಗಿ, ವೀಳ್ಯದೆಲೆ ಅಡಿಕೆ ಕೈಗೆ ಕೊಟ್ಟು ಕರೆಯಬೇಕು. ಹೇಮಾಕ್ಷಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಒಂದು ದಿನ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡು ಹೊರಟೂ ಇದ್ದಳು. ತೊಕ್ಕೊಟ್ಟಿನಲ್ಲಿ ಬಸ್ಸು ಇಳಿದು, ತಲಪಾಡಿಯ ಬಸ್ಸು ಎರಡು ಹೋದರೂ ಹತ್ತದೆ ನಿಂತು, ಕೊನೆಗೆ ಅರ್ಧ ಕಿಲೋ ಬಂಗುಡೆ ಮೀನು ತೆಗೆದುಕೊಂಡು ಮನೆಗೆ ವಾಪಸು ಬಂದಳು. ಅಣ್ಣ ಮುಖಕ್ಕೆ ಬಾರಿಸಿದಂತೆ "ಬರುದಿಲ್ಲ" ಎಂದರೆ ಏನು ಮಾಡುವುದು ಎಂಬ ಹೆದರಿಕೆ. "ಈಗ ಯಾರು ಮನೆ ಮನೆಗೆ ಹೋಗ್ತಾರೆ ಅಮ್ಮ, ನಾನು ಲಿಂಕ್ ಕಳಿಸ್ತೇನೆ" ಎಂದು ಅಶ್ಮಿತಾ ಹೇಳಿದಾಗ ಅವಳಿಗೆ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಹೇಡಿಗೆ ಹೊಸ ಕಾಲದಷ್ಟು ಒಳ್ಳೆಯ ನೆಪ ಬೇರೆ ಇಲ್ಲ. ಲಿಂಕು ಹೋಯಿತು. ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.

"ಆಂಟಿ, ಬೇಕಾದರೆ ಒಂದು ಎಕ್ಸ್‌ಟ್ರಾ ಚಯರ್ ಹಾಕಿಸ್ತೇನೆ," ಎಂದಳು ನಜ್ಲಾ. "ಆದರೆ ಬಿಳಿದು ಇಲ್ಲ. ಅಡುಗೆಯವರ ಹತ್ರ ನೀಲಿ ಪ್ಲಾಸ್ಟಿಕ್ಕಿಂದು ಉಂಟು."

ನೂರ ಅರುವತ್ತು ಬಿಳಿ ಕುರ್ಚಿಗಳ ಮುಂದೆ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಅಣ್ಣ. ಹೇಮಾಕ್ಷಿ ಬೇಡವೆಂದು ತಲೆಯಾಡಿಸಿದಳು. ನಜ್ಲಾಳ ಪೆನ್ನು ಕೇಳಿ ತೆಗೆದುಕೊಂಡು ತನ್ನದೇ ಕುರ್ಚಿಯ ಬಳಿ ಹೋದಳು. ಕಾರ್ಡನ್ನು ಬಿಚ್ಚಿ, ಹಿಂದುಮುಂದು ಮಾಡಿ, ಖಾಲಿ ಬದಿಯಲ್ಲಿ ಕನ್ನಡದಲ್ಲಿ 'ಐತಪ್ಪ' ಎಂದು ಬರೆದು ಮತ್ತೆ ಕಟ್ಟಿದಳು. ಮದುಮಗಳ ತಾಯಿಗೆ ಕೂರಲು ಹೇಗೂ ಪುರುಸೊತ್ತಿಲ್ಲ. ಅಕ್ಷರ ಸ್ವಲ್ಪ ಓರೆಯಾಯಿತು.

ಅಷ್ಟರಲ್ಲಿ ಪೂವಪ್ಪ ಬಂದ. ಅವನಿಗೆ ಬೆಳಿಗ್ಗಿನಿಂದ ಆ ಮಂಟಪದ ಚಿಂತೆ. ಮಂಟಪಕ್ಕೆ ನಾಲ್ಕು ಕಂಬವಿಲ್ಲ, ಬಾಳೆಗಿಡವಿಲ್ಲ, ಮಾವಿನೆಲೆಯಿಲ್ಲ. ಒಂದು ದೊಡ್ಡ ಕಬ್ಬಿಣದ ಬಳೆ, ಅದರ ಸುತ್ತ ಬೆಳ್ಳಗೆ ಒಣಗಿದ ಎಂಥದೋ ಹುಲ್ಲು. "ಇದನ್ನು ಹಾಕಿದರೆ ದನವೂ ಮೂಸುದಿಲ್ಲ ಮಾರಾಯ್ತಿ. ದೆಹಲಿಯಿಂದ ತರಿಸಿದ್ದಂತೆ," ಎನ್ನುತ್ತ ಬಂದವನು ಕಾರ್ಡು ಓದಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಬರುವವ ಆಗಿದ್ದರೆ ನಿನ್ನೆ ಮದರಂಗಿಗೇ ಬರ್ತಿದ್ದ. ಎದುರಿನ ಸಾಲಿನಲ್ಲಿ ಅವನ ಹೆಸರಿನ ಕುರ್ಚಿ ಖಾಲಿ ಕಂಡರೆ ಚಂದವಾ? ಡ್ರೋನಿನಲ್ಲಿ ಎಲ್ಲ ಕಾಣ್ತದೆ."

"ಕಾಣಲಿ," ಎಂದಳು ಹೇಮಾಕ್ಷಿ. ಆದರೆ ಖಾಲಿ ಕುರ್ಚಿಯ ಚಿಂತೆ ಈಗ ಅವಳನ್ನೂ ಹಿಡಿದುಕೊಂಡಿತು. ಬಂದರೆ ಏನು ಹೇಳುವುದು ಎಂಬ ಭಯ ಒಂದು ಕಡೆ. ಬಾರದಿದ್ದರೆ ಈ ಓರೆ ಅಕ್ಷರವನ್ನು ಎಲ್ಲರೂ ಓದುತ್ತಾರಲ್ಲ ಎಂಬ ಭಯ ಇನ್ನೊಂದು ಕಡೆ.

ಹತ್ತೂವರೆಗೆ ಅವಳು ಮಗಳ ಕೋಣೆಗೆ ಹೋದಳು. ಅಶ್ಮಿತಾಳ ತಲೆಗೆ ಜಡೆ ಕಟ್ಟುತ್ತಿದ್ದರು. ಮೂಲೆಯಲ್ಲಿ ನಾಲ್ಕು ಕೋಲು, ಅದಕ್ಕೆ ಕಟ್ಟಿದ ಹೂವಿನ ಹೊದಿಕೆ. ಅದನ್ನು ನಾಲ್ವರು ಗೆಳತಿಯರು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ, ಮದುಮಗಳು ಅದರಡಿ ಹಾಡಿನೊಂದಿಗೆ ಒಬ್ಬಳೇ ನಡೆದು ಬರುತ್ತಾಳೆ. ಈಗಿನ ಎಲ್ಲ ಮದುವೆಗಳಲ್ಲಿ ಇದು ಉಂಟು. ಹೇಮಾಕ್ಷಿ ಮೆಲ್ಲಗೆ ಕೇಳಿದಳು, "ಒಂದು ವೇಳೆ ಮಾವ ಬಂದರೆ? ಕೈಹಿಡಿದು ಕರ್ಕೊಂಡು ಬರಬೇಕಾದವ ಅವನಲ್ಲವಾ?"

ಅಶ್ಮಿತಾ ಕನ್ನಡಿಯೊಳಗಿನಿಂದಲೇ ತಾಯಿಯನ್ನು ನೋಡಿದಳು. "ಬಂದರೆ ನೋಡುವ ಅಮ್ಮ. ಆದರೆ ಬಾರದಿದ್ದರೆ ಶಶಿಯಕ್ಕನ ಹಾಗೆ ಯಾರದ್ದೋ ಕೈಹಿಡ್ಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ. ಅದಕ್ಕೇ ಇದನ್ನು ಮಾಡಿಸ್ಲಿಕ್ಕೆ ಹೇಳಿದ್ದು ನಾನು. ಇದರಡಿಯಲ್ಲಿ ಒಬ್ಬಳೇ ಬಂದರೆ ಮಾವ ಎಲ್ಲಿ ಅಂತ ಯಾರೂ ಕೇಳುದಿಲ್ಲ."

ಹೇಮಾಕ್ಷಿ ಇದುವರೆಗೆ ಆ ಹೂವಿನ ಹೊದಿಕೆಯನ್ನು ಮಕ್ಕಳ ಶೋಕಿ ಎಂದು ಬೈಯುತ್ತಿದ್ದಳು. ಅವಳು ಸೆರಗು ಸರಿಮಾಡಿಕೊಳ್ಳುವವಳಂತೆ ಮುಖ ತಿರುಗಿಸಿ ಹೊರಗೆ ಬಂದಳು.

ಮುಹೂರ್ತ ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ. ಹನ್ನೊಂದಕ್ಕೆ ವರ ರೂಪೇಶನ ಕಡೆಯವರು ಬಂದರು. ಜನ ತಮ್ಮ ತಮ್ಮ ಹೆಸರು ಹುಡುಕಿ ಕೂತರು. ಹನ್ನೊಂದೂಮುಕ್ಕಾಲಿಗೆ ನಜ್ಲಾ ಹೇಮಾಕ್ಷಿಯನ್ನೂ ಪೂವಪ್ಪನನ್ನೂ ಮಂಟಪದ ಪಕ್ಕದಲ್ಲಿ ನಿಲ್ಲಿಸಿ, "ಇಲ್ಲಿಂದ ಅಲ್ಲಾಡಬೇಡಿ, ಈಗ ಬ್ರೈಡ್ ಎಂಟ್ರಿ," ಎಂದಳು. ಕ್ಯಾಮರಾದವನು "ಸ್ಮೈಲ್ ಆಂಟಿ" ಎಂದ. ಹೇಮಾಕ್ಷಿ ಹಲ್ಲು ತೋರಿಸಿದಳು. ಕಣ್ಣು ಮಾತ್ರ ಗೇಟಿನ ಕಡೆಗೇ ಇತ್ತು.

ಗೇಟಿನ ಬಳಿ ಆಳೆತ್ತರದ ಒಂದು ಕನ್ನಡಿ. ಅದರ ಮೇಲೆ ಬಿಳಿ ಬಣ್ಣದಲ್ಲಿ, ಬಳ್ಳಿ ಸುತ್ತಿದ ಅಕ್ಷರಗಳಲ್ಲಿ ನೂರ ಅರುವತ್ತು ಜನರ ಹೆಸರು, ಅವರವರ ಸಾಲು. ಬಂದವರು ಮೊದಲು ಅಲ್ಲಿ ತಮ್ಮ ಹೆಸರು ನೋಡಿ ಒಳಗೆ ಬರಬೇಕು.

ಆ ಕನ್ನಡಿಯ ಎದುರು ಬಿಳಿ ಪಂಚೆಯ ಒಬ್ಬರು ನಿಂತಿದ್ದರು. ಕಂಕುಳಲ್ಲಿ ಬಟ್ಟೆಯ ಚೀಲ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ತೋರುಬೆರಳನ್ನು ಮೇಲಿನ ಹೆಸರಿನ ಮೇಲಿಟ್ಟು, ಒಂದೊಂದಾಗಿ ಕೆಳಗೆ ಬರುತ್ತಿದ್ದರು. ಬಾಗಿದ ಬೆನ್ನು ನೋಡಿದ್ದೇ ಹೇಮಾಕ್ಷಿಗೆ ಗೊತ್ತಾಯಿತು. ಅಣ್ಣ ಬಂದಿದ್ದ.

ಬಂದ ಎಂಬ ಸಂತೋಷ ಅವಳಿಗೆ ಸಿಗಲೇ ಇಲ್ಲ. ಕುರ್ಚಿಗೆ ಕಾರ್ಡು ಕಟ್ಟಿದವಳು ಈ ಕನ್ನಡಿಯನ್ನು ಮರೆತೇಬಿಟ್ಟಿದ್ದಳು! ಬೆರಳು ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಹೋಯಿತು. ಅಲ್ಲಿ ನಿಂತಿದ್ದ ಸ್ವಾಗತದ ಹುಡುಗಿ ಏನೋ ಕೇಳಿದಳು. ಐತಪ್ಪ ಉತ್ತರ ಕೊಟ್ಟ. ಹುಡುಗಿ ಕೈಯಲ್ಲಿದ್ದ ಕಾಗದ ನೋಡಿ ತಲೆಯಾಡಿಸಿದಳು. ತಲಪಾಡಿಯಲ್ಲಿ ನಡೆದದ್ದನ್ನು ಹೇಮಾಕ್ಷಿ ಕಣ್ಣಾರೆ ಕಂಡಿರಲಿಲ್ಲ. ಈಗ ಕಂಡಳು.

ಇಲ್ಲಿಂದ ಅಲ್ಲಾಡಬೇಡಿ ಎಂದಿದ್ದಾಳೆ ನಜ್ಲಾ. ಹಾಡು ಶುರುವಾಗುವುದರಲ್ಲಿದೆ. ಕೂಗಿದರೆ ಕೇಳಿಸುವ ದೂರವಲ್ಲ. ಈಗಲೂ ಇಲ್ಲೇ ನಿಲ್ಲಬಹುದಿತ್ತು. ಆವತ್ತಿನಂತೆಯೇ, ಮುಹೂರ್ತ ಎಂಬ ನೆಪ ಕೈಯಲ್ಲೇ ಇತ್ತು.

ಅವಳು ತಿರುಗಿ ಮಂಟಪಕ್ಕೆ ಹತ್ತಿ, ಧಾರೆಯ ಹರಿವಾಣದಿಂದ ಐದು ವೀಳ್ಯದೆಲೆ, ಒಂದು ಅಡಿಕೆ ತೆಗೆದುಕೊಂಡಳು.

"ಅಮ್ಮಾ, ಅದು ಧಾರೆಯದ್ದು!" ಎಂದರು ಭಟ್ಟರು.

"ಗೊತ್ತುಂಟು ಭಟ್ರೇ."

"ಎಲ್ಲಿಗೆ ಹೋಗುದು ನೀನು? ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಉಂಟು ಅಷ್ಟೇ!" ಎಂದು ಪೂವಪ್ಪ ಕೈ ಹಿಡಿಯಲು ನೋಡಿದ. ಅವಳು ಕೈ ಕೊಡವಿಕೊಂಡು, ಮಗಳು ನಡೆದು ಬರಲೆಂದು ಹಾಸಿದ ಬಿಳಿ ಹಾಸಿನ ಮೇಲೆಯೇ, ಮದುಮಗಳು ಬರಬೇಕಾದ ದಿಕ್ಕಿಗೆ ಎದುರಾಗಿ, ಕಾಂಜೀವರಂ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದಳು. ಜನ ನೋಡಿದರು. ಡ್ರೋನು ಕೂಡ ನೋಡಿರಬೇಕು.

ಅವಳು ತಲಪುವಾಗ ಐತಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಕನ್ನಡಿಯಲ್ಲೇ ತಂಗಿಯನ್ನು ಕಂಡು, ತಿರುಗದೆ ಹೇಳಿದ.

"ನಿನ್ನ ಹೆಸರು ಉಂಟು. ಪೂವಪ್ಪನದ್ದು ಉಂಟು. ಎರಡೆರಡು ಸಲ ನೋಡಿದೆ. ಆವತ್ತಿನ ಪೊಲೀಸ್ ಪಾಪದವ, ಮೂರು ಸಲ ನೋಡಿದ್ದ."

"ಅಣ್ಣಾ..."

"ಹೆಸರಿಲ್ಲದವನಿಗೆ ಬಾ ಅಂತ ಹೇಳುದು ನಿನಗೆ ಅಭ್ಯಾಸ ಆಗಿ ಹೋಗಿದೆ."

 ಹೇಮಾಕ್ಷಿಯ ಬಳಿ ಎಷ್ಟೋ ವರ್ಷದಿಂದ ಜೋಡಿಸಿಟ್ಟ ಸಮಜಾಯಿಷಿಗಳಿದ್ದವು. ಗಡಿ, ಸರಕಾರ, ಗಂಡ, ಬಟನ್ನು. ಅವೆಲ್ಲವನ್ನೂ ಬಿಟ್ಟು ಅವಳು ಹೇಳಿದಳು.

"ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು ಅಣ್ಣಾ. ಹೇಳ್ಲಿಕ್ಕೆ ಹೆದರಿದೆ. ಫೋನು ನನ್ನ ಕೈಯಲ್ಲೇ ಇತ್ತು. ಹನ್ನೊಂದು ಸಲವೂ ಗೊತ್ತಾಯಿತು. ಎತ್ತಲಿಕ್ಕೂ ಹೆದರಿದೆ. ಈ ಸಲ ಮನೆಗೆ ಬಂದು ಕರೀಲಿಕ್ಕೂ ಹೆದರಿ ತೊಕ್ಕೊಟ್ಟಿನಿಂದ ವಾಪಸು ಹೋದೆ."

ಐತಪ್ಪ ಈಗ ತಿರುಗಿದ. ಅವಳು ಎರಡೂ ಕೈಯಲ್ಲಿ ಎಲೆ ಅಡಿಕೆ ಮುಂದೆ ಹಿಡಿದಳು. ಬೆವರಿಗೆ ಎಲೆಗಳು ಅಂಗೈಗೆ ಅಂಟಿದ್ದವು.

"ನನ್ನ ಸಣ್ಣ ಮಗಳ ಮದುವೆ ಅಣ್ಣಾ. ನೀನು ಬಂದು ನಡೆಸಿ ಕೊಡಬೇಕು."

ಅವನು ಎಲೆಯನ್ನು ನೋಡಿದ. ಸ್ವಾಗತದ ಹುಡುಗಿ ಏನು ಮಾಡುವುದೆಂದು ತಿಳಿಯದೆ ತಾನೂ ಎಲೆಯನ್ನು ನೋಡಿದಳು. ಒಳಗೆ ಹಾಡು ಶುರುವಾಗಿ ಅರ್ಧಕ್ಕೆ ನಿಂತಿತು.

"ಮುಹೂರ್ತ ಎಷ್ಟು ಗಂಟೆಗೆ?" ಎಂದು ಕೇಳಿದ ಐತಪ್ಪ, ಮನೆ ಜಗಲಿಯಲ್ಲಿ ಕೂತು ಕೇಳುವವನಂತೆ.

"ಹನ್ನೆರಡು ಎಂಟಕ್ಕೆ."

ಅವನು ಗಡಿಯಾರ ನೋಡಿದ. "ಈಗ ಹನ್ನೊಂದು ಐವತ್ತೆರಡು. ಕರೀಲಿಕ್ಕೆ ಇಷ್ಟು ಬೇಗ ಬಂದದ್ದಾ ನೀನು?"

ಹೇಮಾಕ್ಷಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳುವೇ ಮೊದಲು ಬಂತು. ಅವನು ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡ.

"ಕುರ್ಚಿ ಉಂಟು ಅಣ್ಣಾ," ಎಂದಳು ಅವಳು ಮೂಗೊರೆಸಿಕೊಳ್ಳುತ್ತ. "ಎದುರಿನ ಸಾಲಿನಲ್ಲಿ. ನಾನೇ ಹೆಸರು ಬರೆದಿದ್ದೇನೆ."

"ಸೋದರಮಾವ ಆದವ ಧಾರೆ ಆಗುವ ಮೊದಲು ಕೂರುದುಂಟಾ? ನಿನಗೆ ಅದೂ ಮರೆತುಹೋಯ್ತಾ?"

ನಿಜವೇ. ಬೆಳಿಗ್ಗಿನಿಂದ ಅವಳು ಒದ್ದಾಡಿದ್ದೆಲ್ಲ, ಅವನು ಕೂರಲೇ ಬಾರದ ಒಂದು ಕುರ್ಚಿಗಾಗಿ.

ಒಳಗೆ ಹಾಸಿನ ತುದಿಯಲ್ಲಿ ಅಶ್ಮಿತಾ ಹೂವಿನ ಹೊದಿಕೆಯಡಿ ನಿಂತಿದ್ದಳು. ಮಾವನನ್ನು ಕಂಡದ್ದೇ ಅವಳು ಗೆಳತಿಯರಿಗೆ ಏನೋ ಹೇಳಿದಳು. ನಾಲ್ಕು ಕೋಲುಗಳು ಕೆಳಗಿಳಿದವು. ಅವಳು ಕೈ ಮುಂದೆ ಚಾಚಿದಳು. ಐತಪ್ಪ ಅವಳ ತಲೆ ಮುಟ್ಟಿ, "ಸ್ವಲ್ಪ ನಿಲ್ಲು ಮಗಾ. ನಿನಗಿಂತ ಮೊದಲಿನವಳು ಒಬ್ಬಳಿದ್ದಾಳೆ," ಎಂದು ಮುಂದೆ ಹೋದ.

ಶಶಿಪ್ರಭಾ ಎದುರಿನ ಸಾಲಿನಲ್ಲಿ ನಾಲ್ಕು ವರ್ಷದ ಮಗಳಿಗೆ ಬಿಸ್ಕೆಟು ತಿನ್ನಿಸುತ್ತ ಕೂತಿದ್ದಳು. ಐತಪ್ಪ ಅವಳ ಎದುರು ನಿಂತು ಚೀಲದಿಂದ ಒಂದು ಸೀರೆ ತೆಗೆದ. ಮೇಲಿನ ಪ್ಲಾಸ್ಟಿಕ್ ಕವರು ಹಳದಿಗಟ್ಟಿತ್ತು. ಅದನ್ನು ಅವಳ ತೋಳಿಗೆ ಹಾಕಿ, ಕೈ ಚಾಚಿದ.

"ಬಾ ಶಶಿ. ಆವತ್ತು ನನಗೆ ಬರ್ಲಿಕ್ಕೆ ಆಗಲಿಲ್ಲ."

ಶಶಿಪ್ರಭಾ ಎದ್ದಳು. ಅವಳ ಕೈಯಲ್ಲಿ ಬಿಸ್ಕೆಟಿನ ಪುಡಿ ಇತ್ತು. ಅದನ್ನು ಒರೆಸಿಕೊಳ್ಳಲೂ ನೆನಪಾಗದೆ ಮಾವನ ಕೈ ಹಿಡಿದಳು. ಅವನು ಅವಳನ್ನು ಹಾಸಿನ ತುದಿಯವರೆಗೆ ಕರೆದುಕೊಂಡು ಬಂದು, ಅಲ್ಲಿಂದ ತಿರುಗಿ, ನಿಧಾನಕ್ಕೆ, ಧಾರೆಗೆ ಹೋಗುವ ಮದುಮಗಳನ್ನು ನಡೆಸುವ ಹಾಗೆಯೇ ಮಂಟಪದ ಕಡೆಗೆ ನಡೆಸಿದ. ಶಶಿಪ್ರಭಾ ತಲೆ ತಗ್ಗಿಸಿ ಅಳುತ್ತಿದ್ದಳು. ಹೆಂಡತಿಯ ಹಿಂದೆಯೇ ಬಂದು ಹಾಸಿನ ನಡುವೆ ನಿಂತಿದ್ದ ಪೂವಪ್ಪ ಬದಿಗೆ ಸರಿದು, ಹಿರಿಯರ ಎದುರು ಮಾಡುವಂತೆ ಹೆಗಲ ಮೇಲಿನ ಶಾಲನ್ನು ಕೆಳಗಿಳಿಸಿದ.

"ಆಂಟಿ, ಇದು ಪ್ರೋಗ್ರಾಮಿನಲ್ಲಿ ಇಲ್ಲ," ಎಂದಳು ನಜ್ಲಾ ಹೇಮಾಕ್ಷಿಯ ಕಿವಿಯ ಬಳಿ. ಅವಳ ಕಣ್ಣಿನಲ್ಲೂ ನೀರಿತ್ತು.

ಅಮ್ಮನ ಹಿಂದೆ ಓಡಿ ಬಂದಿದ್ದ ಮೊಮ್ಮಗಳು ಅಜ್ಜಿಯ ಸೀರೆ ಹಿಡಿದು ಎಳೆದಳು. "ಅಜ್ಜೀ, ಅಮ್ಮನಿಗೆ ಇನ್ನೊಂದು ಸಲ ಮದುವೆಯಾ?"

"ಅಲ್ಲ ಮಗಾ. ಆವತ್ತಿನದ್ದೇ ಸ್ವಲ್ಪ ಉಳಿದಿತ್ತು."

ಮಂಟಪದಿಂದ ಭಟ್ಟರು ಇನ್ನು ಆರೇ ನಿಮಿಷ ಎಂದು ಕೂಗಿದರು. ಐತಪ್ಪ ಶಶಿಪ್ರಭಾಳನ್ನು ಮಂಟಪದ ಮೆಟ್ಟಿಲ ಬಳಿ ನಿಲ್ಲಿಸಿ, ಅಶ್ಮಿತಾಳನ್ನು ಕರೆತರಲು ಅದೇ ಹಾಸಿನ ಮೇಲೆ ಹಿಂದಕ್ಕೆ ನಡೆದು ಬರುತ್ತಿದ್ದ. ವಯಸ್ಸಾದ ಮೊಣಕಾಲು, ಅವಸರದ ಹೆಜ್ಜೆಯಲ್ಲ. ಹೇಮಾಕ್ಷಿ ಬೇಗ ಬಾ ಎನ್ನಲಿಲ್ಲ. ಗಡಿಯಾರವನ್ನೂ ನೋಡಲಿಲ್ಲ. ಅವನು ಬಂದು ಮುಟ್ಟುವವರೆಗೆ ಮಗಳ ಪಕ್ಕದಲ್ಲಿ ಕಾಯುತ್ತ ನಿಂತಳು.